ಎದುರು ಮನೆಯ ತಟ್ಟೆ

ಹೂಫ್‌ಡಾರ್ಪ್
೧೧ ಮೇ ೨೦೨೦

ಸೌಭಾಗ್ಯವತಿ ಲೀಲಾವತಿಗೆ,

ಕಳೆದ ವಾರದ ಪತ್ರದಲ್ಲಿ ನನ್ನಿಂದ ದೊಡ್ಡದೊಂದು ತಪ್ಪಾಗಿದೆ, ಕ್ಷಮಿಸು. ಎದುರು ಮನೆಯ ಯೋಸ್ಟ್ ಎಂಬ ಡಚ್ ಗೃಹಸ್ಥನ ಹೆಂಡತಿ ತೀರಿಕೊಂಡಳೆಂದು ಬರೆದಿದ್ದೆನಷ್ಟೆ. ಆಕೆ ತೀರಿಕೊಂಡಿಲ್ಲ. ಫಿಲಿಪ್ಪೀನ್ಸ್ ದೇಶದ ಉತ್ತರಕ್ಕಿರುವ ಲಾವಾಗ್ ಎಂಬ ತನ್ನ ತವರೂರಿನಲ್ಲಿ ಆರೋಗ್ಯವಾಗಿದ್ದಾಳೆ. ಹೆಸರು ಕೋರಾ. ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಫೆಬ್ರವರಿಯಲ್ಲಿ ಹೋದವಳು, ವಿಮಾನಗಳು ನಿಂತುಹೋದ ಕಾರಣ ಅಲ್ಲಿಯೇ ಉಳಿದಿದ್ದಾಳೆ. ನಾನು ಇಲ್ಲಿ ಹಾಲೆಂಡಿನಲ್ಲಿ, ಮಗಳು ಭಾವನಾಳ ಮನೆಯಲ್ಲಿ ಉಳಿದಂತೆ.

ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ಬದುಕಿರುವವಳನ್ನು ಹೇಗೆ ಕೊಂದೆ ಎಂದು ನೀನು ಕೇಳದೆ ಬಿಡುವವಳಲ್ಲ. ಹೇಳುತ್ತೇನೆ. ಇಲ್ಲಿಯವರಿಗೆ ಕಿಟಕಿಯ ಪರದೆ ಎಳೆಯುವ ರೂಢಿ ಕಡಿಮೆ. ನಮ್ಮ ಮಹಡಿಯಿಂದ ನೋಡಿದರೆ ಯೋಸ್ಟನ ಊಟದ ಮೇಜು ನೇರವಾಗಿ ಕಾಣುತ್ತದೆ. ಗೋಡೆಯಲ್ಲಿ ಹೆಂಗಸೊಬ್ಬಳ ಭಾವಚಿತ್ರ, ಅದಕ್ಕೆ ಬಿಳಿಯ ಹೂವಿನ ಹಾರ. ಸಂಜೆ ಆರಕ್ಕೆ ಆತ ಖಾಲಿ ಕುರ್ಚಿಯೊಂದರ ಮುಂದೆ ತಟ್ಟೆಯಿಟ್ಟು ಅನ್ನ ಬಡಿಸುತ್ತಾನೆ. ಹಾರ ಹಾಕಿದ ಪಟ, ಅದರೆದುರು ಬಡಿಸಿದ ಎಡೆ. ನಮ್ಮಲ್ಲಿ ಹುಟ್ಟಿ ಬೆಳೆದವರು ಇದನ್ನು ಬೇರೆ ಹೇಗೆ ಓದಿಯಾರು? ಸಾಲದ್ದಕ್ಕೆ ಮೇ ನಾಲ್ಕರ ಸಂಜೆ ಅವನ ಮನೆಯ ಬಾವುಟ ಅರ್ಧಕ್ಕಿಳಿದಿತ್ತು. ಬೀದಿಯ ಅಷ್ಟೂ ಬಾವುಟಗಳು ಅರ್ಧಕ್ಕಿಳಿದಿದ್ದವು. ಎಂಟು ಗಂಟೆಗೆ ಜನರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ಮೌನವಾಗಿ ನಿಂತರು. ದೂರದೇಶದ ಒಬ್ಬ ಹೆಣ್ಣುಮಗಳಿಗಾಗಿ ಇಡೀ ಬೀದಿ ಹೀಗೆ ನಿಲ್ಲುತ್ತದಲ್ಲಾ ಎಂದು ನಾನೂ ಕೈಮುಗಿದು ನಿಂತೆ. ಒಳಗೆ ಬಂದವನೇ ನಿನಗೆ ಬರೆದೆ.

ಎರಡು ದಿನ ಬಿಟ್ಟು, ರಸ್ತೆ ದಾಟಿ, ನಿಯಮದಷ್ಟು ದೂರದಲ್ಲಿ ನಿಂತು, ಇಂಗ್ಲಿಷಿನಲ್ಲಿ ಸಂತಾಪ ಹೇಳಿದೆ. ಯೋಸ್ಟನ ಮುಖ ಬಿಳಿಚಿಕೊಂಡಿತು. ಒಳಗೋಡಿ ಅವಳಿಗೆ ದೂರವಾಣಿ ಮಾಡಿದ. ಹೊರಗೆ ಬಂದಾಗ ನಕ್ಕೂ ನಕ್ಕೂ ಅವನ ಕಣ್ಣಲ್ಲಿ ನೀರು.

“ಸತ್ತಿರಲಾರಳು ಸ್ವಾಮಿ. ಈಗಷ್ಟೇ ನನ್ನನ್ನು ಚೆನ್ನಾಗಿ ಬೈದಳು.”

ಭಾವನಾ ತಲೆಯ ಮೇಲೆ ಕೈಹೊತ್ತಳು. “ಅಪ್ಪಾ, ಅದು ಯುದ್ಧದಲ್ಲಿ ಸತ್ತವರಿಗೆ ಪ್ರತಿ ವರ್ಷ ಮಾಡೋದು! ನೀವು ಹೋಗಿ ಕಂಡೋಲೆನ್ಸ್ ಹೇಳಿ ಬಂದ್ರಾ? ನಾನಿನ್ನು ಆ ಮನೆ ಮುಂದೆ ಹೇಗಪ್ಪಾ ಓಡಾಡ್ಲಿ?”

ಕೋರಾಳ ನಾಡಿನಲ್ಲಿ ಹೂವಿನ ಹಾರ ಬದುಕಿರುವವರಿಗೂ ಸಲ್ಲುತ್ತದಂತೆ. ಅವಳ ಹುಟ್ಟುಹಬ್ಬಕ್ಕೆಂದು ಆತ ಹಾಕಿದ್ದ. ತಟ್ಟೆಯ ಸಂಗತಿ ಅದಕ್ಕಿಂತ ಅಚ್ಚರಿಯದು. ಮನೆಯವರು ಊಟಕ್ಕೆ ಕುಳಿತಿರುವಾಗ ಯಾರಾದರೂ ಪ್ರಯಾಣ ಹೊರಟರೆ, ಉಳಿದವರು ತಮ್ಮ ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸಬೇಕು. ಹಾಗೆ ಮಾಡಿದರೆ ಹೋದವರು ಅಪಾಯವಿಲ್ಲದೆ ಊರು ಸೇರುತ್ತಾರೆ. ಕೋರಾ ಹೊರಟ ದಿನ ಬಾಡಿಗೆ ಕಾರು ಬೇಗ ಬಂದು, ಆಕೆ ಅರ್ಧ ಊಟಕ್ಕೇ ಎದ್ದು ಹೋದಳು. ಅವಳ ಕುರ್ಚಿಯ ಮುಂದೆ ಆತ ಅನ್ನ ಬಡಿಸಿಡುವುದು ಅದಕ್ಕೇ.

“ತಟ್ಟೆ ತಿರುಗಿಸಿದೆ. ಆದರೆ ಅವಳಿನ್ನೂ ಮನೆಗೆ ಬಂದಿಲ್ಲ. ಅಂದ ಮೇಲೆ ಪ್ರಯಾಣ ಮುಗಿದಿಲ್ಲ ತಾನೆ? ಅದಕ್ಕೇ ದಿನವೂ ತಿರುಗಿಸುತ್ತೇನೆ” ಎಂದ. ಮದುವೆಯಾದ ದಿನದಿಂದ ಅವಳ ಪ್ರತಿಯೊಂದು ಪ್ರಯಾಣಕ್ಕೂ ಹೀಗೆ ಮಾಡಿದ್ದಾನಂತೆ.

ಇದನ್ನು ಆತ ಚಿತ್ರೀಕರಿಸಿ ಅಂತರ್ಜಾಲದಲ್ಲಿ ಹಾಕುತ್ತಾನೆ. ನಿವೃತ್ತ ಬಸ್ ಚಾಲಕನೊಬ್ಬ ಅನ್ನದ ತಟ್ಟೆ ತಿರುಗಿಸುವುದನ್ನು ನೋಡಲು ದಿನವೂ ಲಕ್ಷ ಮಂದಿ ಸೇರುತ್ತಾರೆಂದರೆ ನನಗೆ ನಂಬಿಕೆ ಬರಲಿಲ್ಲ. ಭಾವನಾ ತೋರಿಸಿದಳು. ನಿಜ.

ಭಾನುವಾರದ ದೂರವಾಣಿಯಲ್ಲಿ ಮಗು, ಅಳಿಯ ಎಲ್ಲರೂ ಇರುತ್ತಾರೆ. ಇಂಥದನ್ನು ಬರೆದರೇ ಚೆನ್ನ. ಭಾವನಾ ಈ ಹಾಳೆಗಳ ಚಿತ್ರ ತೆಗೆದು ಕಳುಹಿಸುತ್ತಾಳೆ.

ನರಹರಿ


ಮೈಸೂರು
೧೯ ಮೇ ೨೦೨೦

ಇವರಿಗೆ ಲೀಲಾ ಮಾಡುವ ನಮಸ್ಕಾರ.

ರೀ, ನಾನು ಮಾತಾಡೋ ಹಾಗೇ ಬರೀತೀನಿ, ಕೆಂಪು ಪೆನ್ನು ತೊಗೋಬೇಡಿ.

ನೀವು ಕೊಂದಿದ್ದು ಒಬ್ಬಳನ್ನ, ಅತ್ತಿದ್ದು ನಾವು ಮೂರು ಮನೆಯವರು! ಪಕ್ಕದ ಮನೆ ಪದ್ಮಿನಿ ಅಂತೂ “ಪಾಪ, ಮುತ್ತೈದೆಯಾಗಿ ಹೋದ್ಲು, ಪುಣ್ಯವಂತೆ” ಅಂತ ಗಣೇಶನ ಗುಡಿ ಮೆಟ್ಟಿಲ ಮೇಲೆ ಒಂದು ಕಾಯಿ ಒಡೆದು ಬಂದಿದ್ಲು. ಈಗ ಬದುಕಿದ್ದಾಳೆ ಅಂದ್ರೆ, “ಆ ಕಾಯಿ ಹೇಗೆ ಅಂಟಿಸ್ಲಿ ಲೀಲಕ್ಕ, ನಿಮ್ಮನೆಯವರನ್ನೇ ಕೇಳಿ” ಅಂತಾಳೆ. ಅವತ್ತೇ ಚಟ್ನಿ ಮಾಡಿ ತಿಂದಾಯ್ತಂತೆ, ಅದು ಬೇರೆ ಮಾತು.

ಮೊಮ್ಮಗಳಿಗೆ ಹಲ್ಲು ಬಂತಾ? ಅದು ಬರೆದಿಲ್ಲ ನೀವು.

ತಟ್ಟೆ ತಿರುಗಿಸೋದು ಓದಿ ಮೈ ಜುಮ್ ಅಂತು. ನಮ್ಮಮ್ಮ ಹೊರಟವರ ಕೈಗೆ ಒಂದು ಚಮಚ ಮೊಸರು ಹಾಕದೆ ಬಾಗಿಲು ದಾಟಿಸ್ತಿರಲಿಲ್ಲವಲ್ಲ, ಹಾಗೇ ಅನ್ನಿಸ್ತು.

ಆದ್ರೆ ಒಂದು ಮಾತು. ಆ ಯೋಸ್ಟ್ ಏನಂದ ಅಂತ ಎರಡು ಪುಟ ಬರೆದಿದ್ದೀರಿ. ಕೋರಾ ಏನಂದ್ಲು ಅನ್ನೋದಕ್ಕೆ ಒಂದೇ ಸಾಲು, ಅದೂ “ಬೈದಳು” ಅಂತ. ಯಾಕೆ ಬೈದ್ಲು? ಕೇಳಿದ್ರಾ?

ಲೀಲಾ


ಹೂಫ್‌ಡಾರ್ಪ್
೧೫ ಜೂನ್ ೨೦೨೦

ಸೌಭಾಗ್ಯವತಿ ಲೀಲಾವತಿಗೆ,

ಮಗುವಿಗೆ ಕೆಳಗಿನ ಎರಡು ಹಲ್ಲು ಬಂದಿವೆ. ಕೋರಾ ಬೈದದ್ದೇಕೆ ಎಂದು ಕೇಳಲಿಲ್ಲ. ಗಂಡಹೆಂಡಿರ ಬೈಗುಳಕ್ಕೆ ಕಾರಣ ಕೇಳುವುದು ಸಭ್ಯತೆಯಲ್ಲ.

ನಿನ್ನೆ ಭಾನುವಾರ ಯೋಸ್ಟ್ ನನ್ನನ್ನು ಮನೆಗೆ ಕರೆದಿದ್ದ. ಅಲ್ಲಿ ಕಂಡದ್ದನ್ನು ಬರೆಯಲು ನನ್ನ ಭಾಷೆ ಸಾಲುತ್ತದೆಯೋ ಇಲ್ಲವೋ ಎಂಬ ಅನುಮಾನ ಮೊದಲ ಬಾರಿಗೆ ಬಂದಿದೆ.

ನಾನು ಹೋದದ್ದು ಮೂಗು ಮುರಿಯಲೆಂದೇ. ಆತ ಬಿದಿರಿನ ಟೋಪಿ ಹಾಕಿಕೊಂಡಿದ್ದ. ಇಲ್ಲಿಯವರು ಬೆಳಗ್ಗೆ ಬ್ರೆಡ್ಡಿನ ಮೇಲೆ ಉದುರಿಸಿಕೊಳ್ಳುವ ಚಾಕಲೇಟ್ ಕಾಳನ್ನು ಅನ್ನದ ಗಂಜಿಯ ಮೇಲೆ ಉದುರಿಸಿ, ಪಕ್ಕದಲ್ಲಿ ಒಣಮೀನು ಇಟ್ಟಿದ್ದ. ನನಗೆ ಮಾತ್ರ ಸೇಬಿನ ಹೋಳುಗಳು, ಪ್ರತ್ಯೇಕ ತಟ್ಟೆಯಲ್ಲಿ. ಅವನ ಮಾತಿನಲ್ಲಿ ಕೋರಾಳ ಸೀಮೆಯ ಇಲೊಕಾನೊ, ಡಚ್, ಇಂಗ್ಲಿಷ್ ಮೂರೂ ಒಂದೇ ಬಸ್ಸಿನಲ್ಲಿ ಕುಳಿತು ಬರುತ್ತವೆ. ಇದೇನು ವೇಷವೆಂದುಕೊಂಡೆ.

ಆದರೆ ಒಂದನ್ನು ಗಮನಿಸಿದೆ. ಆತ ಮಾತನಾಡುತ್ತಿದ್ದಂತೆ ನೋಡುಗರು ಅವನ ಉಚ್ಚಾರಣೆಯನ್ನು ತಿದ್ದಿ ಬರೆಯುತ್ತಾರೆ. ಆತ ನಿಲ್ಲಿಸಿ, ತಿದ್ದಿದವರ ಹೆಸರು ಓದಿ, ಧನ್ಯವಾದ ಹೇಳಿ, ಆ ಪದವನ್ನು ಮತ್ತೊಮ್ಮೆ ಸರಿಯಾಗಿ ಹೇಳುತ್ತಾನೆ. ಲೀಲಾ, ನನ್ನ ವೃತ್ತಿಜೀವನದಲ್ಲಿ ಎಷ್ಟು ವಿದ್ವಾಂಸರ ಪುಟಗಳನ್ನು ತಿದ್ದಿದ್ದೇನೆ! ಒಬ್ಬರ ಬಾಯಿಂದಲೂ ಆ ಮಾತು ಬಂದದ್ದಿಲ್ಲ.

ಆಮೇಲೆ ಆತ ತಮ್ಮ ಪ್ರೇಮದ ಕಥೆ ಹೇಳಿದ. ಜನ ಮತ್ತೆ ಮತ್ತೆ ಕೇಳುವ ಕಥೆಯಂತೆ. ಪ್ರವಾಸಿಯಾಗಿ ಲಾವಾಗ್‌ಗೆ ಹೋದವನು, ಸಂಜೆಯ ಬಿಸಿಲಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತು ನಾಟಿ ಮಾಡುತ್ತಿದ್ದ ಹುಡುಗಿಯನ್ನು ಕಂಡ. ಅವಳು ತಲೆಯೆತ್ತಿ ನಕ್ಕಳು. ಲೋಕವನ್ನೇ ಕಾಣದ ಆ ಮುಗ್ಧೆಯನ್ನು ಮೆಚ್ಚಿ ತೆಂಗಿನ ತೋಪಿನಲ್ಲಿ ಮದುವೆಯಾಗಿ ಕರೆತಂದ. ಕಥೆ ಹಳೆಯದಾದರೂ ಹೇಳುವ ಬಗೆ ಸೊಗಸಾಗಿತ್ತು.

ಗಂಟೆ ಆರಾಯಿತು. ಯೋಸ್ಟ್ ಟೋಪಿ ತೆಗೆದ. ಕೋರಾಳ ಕುರ್ಚಿಯತ್ತ ನೋಡಿ, ತನ್ನ ತಟ್ಟೆಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದ. “ನೀವೂ ತೋರಿಸಿ” ಎಂದ. ಗೋಡೆಯ ದೊಡ್ಡ ಪರದೆ ಸಣ್ಣ ಸಣ್ಣ ಚೌಕಗಳಾಗಿ ಒಡೆಯಿತು. ಪ್ರತಿ ಚೌಕದಲ್ಲಿಯೂ ಒಂದು ಕೈ, ಒಂದು ತಟ್ಟೆ. ಒಂದು ಕೈ ಹಡಗಿನ ಅಡುಗೆಮನೆಯದು. ತಟ್ಟೆ ಜಾರದಂತೆ ಆ ಮೇಜಿಗೆ ಅಂಚು ಕಟ್ಟಿದೆ. ಒಂದು ಕೈಗೆ ಆಸ್ಪತ್ರೆಯ ನೀಲಿ ಕೈಗವಸು. ಒಂದು ಮುದುಕಿಯ ಕೈ; ತಿರುಗಿಸಲು ಅದಕ್ಕೆ ಎರಡು ಬಾರಿ ಪ್ರಯತ್ನ ಬೇಕಾಯಿತು. ಜೆಡ್ಡಾ, ಹಾಂಗ್‌ಕಾಂಗ್, ಮಿಲಾನ್, ಹೆಸರಿಲ್ಲದ ಸಮುದ್ರಗಳು. ಒಂದು ಚೌಕದಲ್ಲಿ ತಟ್ಟೆಯೇ ಇರಲಿಲ್ಲ. ಪೊಟ್ಟಣದ ಊಟದ ಕಾಗದದ ಮುಚ್ಚಳವನ್ನು ತಿರುಗಿಸುತ್ತಿದ್ದರು. ಪಿಂಗಾಣಿ ಮೇಜಿಗೆ ಉಜ್ಜುವ ಸದ್ದು ಮಾತ್ರ. ಸಾವಿರ ಕಡೆಯಿಂದ ಬಂದು ಒಂದೇ ಆದ ಸದ್ದು. ಭೂಮಿ ತಿರುಗುವಾಗ ಸದ್ದಿದ್ದರೆ ಹೀಗಿರುತ್ತಿತ್ತೇನೋ.

ನಾನು ಸೇಬಿನ ತಟ್ಟೆಯನ್ನು ತಿರುಗಿಸಿದೆ. ಯಾರಿಗಾಗಿ ಎಂದು ಬರೆಯುವುದಿಲ್ಲ. ಪರವೂರಿನಲ್ಲಿರುವವನು ನಾನೇ ಆದ್ದರಿಂದ, ಶಾಸ್ತ್ರದ ಪ್ರಕಾರ ಅದು ಸರಿಯೋ ಅಲ್ಲವೋ ತಿಳಿಯದು.

ನರಹರಿ


ಹೂಫ್‌ಡಾರ್ಪ್
೨೨ ಜುಲೈ ೨೦೨೦

ಸೌಭಾಗ್ಯವತಿ ಲೀಲಾವತಿಗೆ,

ಒಂದು ತಿಂಗಳು ಕಳೆದರೂ ನಿನ್ನ ಪತ್ರವಿಲ್ಲ. ಭಾನುವಾರ ಕೇಳಿದರೆ “ಬರೀತೀನಿ ಬಿಡಿ, ಸ್ವಲ್ಪ ಕೆಲಸ ಇದೆ” ಎನ್ನುತ್ತೀ. ಆರೋಗ್ಯದಲ್ಲಿ ಏನಾದರೂ ವ್ಯತ್ಯಾಸವಿದ್ದರೆ ಮುಚ್ಚಿಡಬೇಡ.

ಎದುರು ಮನೆಯಲ್ಲಿಯೂ ಮೌನವಿದೆ. ಕೋರಾ ಯೋಸ್ಟನ ಕರೆಗಳಿಗೆ ಉತ್ತರಿಸುತ್ತಿಲ್ಲ. “ಅಮ್ಮ ಚೆನ್ನಾಗಿದ್ದಾಳೆ” ಎಂಬ ಒಂದೇ ಸಾಲು ಆಗೊಮ್ಮೆ ಈಗೊಮ್ಮೆ ಬರುತ್ತದೆ. ಅಲ್ಲಿ ಮಳೆಗಾಳಿಗೆ ವಿದ್ಯುತ್ತು ಹೋಗುತ್ತಿರಬೇಕು ಎಂದು ಸಮಾಧಾನ ಹೇಳಿದೆ. ಆತ ತಲೆಯಾಡಿಸಿದನಾದರೂ ಒಪ್ಪಿದಂತೆ ಕಾಣಲಿಲ್ಲ. ಅಲ್ಲಿಂದ ಇಲ್ಲಿಗೆ ವಿಮಾನಗಳು ಮತ್ತೆ ಶುರುವಾಗಿವೆ. ಆದರೆ ಅವಳು ಟಿಕೆಟ್ ಮಾಡಿಸಿಲ್ಲ.

ಅವನ ಖ್ಯಾತಿಯೇನೋ ಬೆಳೆಯುತ್ತಲೇ ಇದೆ. ಅಕ್ಕಿ ಮಾರುವ ಸಂಸ್ಥೆಯೊಂದು ತನ್ನ ಚೀಲದ ಮೇಲೆ ಅವನ ಚಿತ್ರ ಹಾಕುತ್ತದಂತೆ. ಗದ್ದೆ, ನಾಟಿ ಮಾಡುವ ಹುಡುಗಿ, ಬಿದಿರಿನ ಟೋಪಿಯ ಬಿಳಿಯ ಮನುಷ್ಯ. ನಿನ್ನೆ ಆ ಮಾದರಿಯನ್ನು ನನಗೆ ತೋರಿಸಿದ. ತೋರಿಸುವಾಗ ಅವನ ಕೈಯಲ್ಲಿ ಉತ್ಸಾಹವಿರಲಿಲ್ಲ.

“ಅವಳು ಬರುವುದೇ ಇಲ್ಲವೇನೋ” ಎಂದ, ತಟ್ಟೆಗಳನ್ನು ತೊಳೆಯುತ್ತಾ, ನನ್ನ ಕಡೆ ನೋಡದೆ.

ಇಷ್ಟು ಪ್ರೀತಿ ಕಂಡೂ ಒಬ್ಬಳು ಏಕೆ ಬರಲೊಲ್ಲಳು? ನನಗೆ ಅರ್ಥವಾಗುತ್ತಿಲ್ಲ. ನಿನಗೆ ಆಗುತ್ತಿದ್ದರೆ ಬರೆ.

ನರಹರಿ


ಮೈಸೂರು
೫ ಆಗಸ್ಟ್ ೨೦೨೦

ಇವರಿಗೆ ನಮಸ್ಕಾರ.

ನಾನು ಕಲ್ಲುಗುಂಡಿನ ಹಾಗಿದ್ದೀನಿ, ಗಾಬರಿ ಬೇಡ. ಇಷ್ಟು ದಿನ ಬರೀದೇ ಇದ್ದಿದ್ದು ಯಾಕೆ ಅಂದ್ರೆ, ಹೇಳೋದು ನನ್ನ ವಿಷಯ ಆಗಿರಲಿಲ್ಲ. ಹೇಳು ಅಂತ ಅವಳು ನಿನ್ನೆ ಒಪ್ಪಿದ್ಲು.

ರೀ, ನಾನೂ ಕೋರಾನೂ ಎರಡು ತಿಂಗಳಿಂದ ಮಾತಾಡ್ತಿದ್ದೀವಿ.

ಪದ್ಮಿನಿ ಮಗಳು ನನಗೆ ಆ ವಿಡಿಯೋ ಹಾಕಿಕೊಟ್ಲು. ಅದರ ಕೆಳಗೆ ನಾನು ನನ್ನ ಹರುಕು ಇಂಗ್ಲಿಷಲ್ಲಿ, “ನಿಮ್ಮನ್ನ ಸಾಯಿಸಿದ ಮುದುಕನ ಹೆಂಡತಿ ನಾನು, ಕ್ಷಮಿಸಿ” ಅಂತ ಬರೆದೆ. ಆ ಲಕ್ಷ ಜನರ ಮಧ್ಯೆ ಯಾರು ನೋಡ್ತಾರೆ ಅಂದ್ಕೊಂಡ್ರೆ, ಕೋರಾನೇ ಉತ್ತರ ಬರೆದ್ಲು. ಮೂರು ತಿಂಗಳಲ್ಲಿ ಅವಳು ಹೊಟ್ಟೆ ತುಂಬ ನಕ್ಕಿದ್ದು ಅವತ್ತೊಂದು ದಿನಾನೇ ಅಂತೆ. ಆಮೇಲೆ ಫೋನ್ ಮಾಡಿದ್ಲು. ಅವಳು ಅಲ್ಲಿ ಒಬ್ಬಳು, ನಾನು ಇಲ್ಲಿ ಒಬ್ಬಳು. ಬೆಳಗ್ಗೆ ಸೊಪ್ಪು ಬಿಡಿಸ್ತಾ ಇಬ್ರೂ ಮಾತಾಡ್ತೀವಿ.

ಕೇಳಿ. ಅವಳು ಹುಟ್ಟಿದ ಮೇಲೆ ಗದ್ದೆಗೆ ಕಾಲೇ ಇಟ್ಟವಳಲ್ಲ. ಅವಳಪ್ಪ ಪೇಟೆ ಶಾಲೆ ಹೆಡ್‌ಮಾಸ್ಟರ್. ಲೆಕ್ಕಪತ್ರ ಓದಿದ್ದಾಳೆ. ಇಪ್ಪತ್ತೈದನೇ ವಯಸ್ಸಿಗೆ ಒಬ್ಬಳೇ ವಿಮಾನ ಹತ್ತಿ ನಿಮ್ಮ ಹಾಲೆಂಡಿಗೆ ಬಂದವಳು. ನಾಟಿ ಮಾಡೋ ಮುಗ್ಧ ಹುಡುಗಿ ಎಲ್ಲಿಂದ ಬಂತು ಅಂದ್ರೆ, ಯೋಸ್ಟ್ ಮೊದಲನೇ ಸಲ ತಮಾಷೆಗೆ ಹೇಳಿದ, ಜನ ಮೆಚ್ಚಿದ್ರು, ಅದೇ ನಿಂತುಬಿಡ್ತು. ಈಗ ಅವಳು ಲಾವಾಗ್ ಪೇಟೇಲಿ ತರಕಾರಿ ತರೋಕೆ ಹೋದ್ರೆ, ಹುಡುಗರು “ಗದ್ದೆ ಹುಡುಗಿ” ಅಂತ ಕೂಗ್ತಾರಂತೆ. ಅವಳಮ್ಮನಿಗೆ ಕಣ್ಣು ಸರಿಹೋದ ಮೇಲೆ ಮೊದಲು ನೋಡಿದ್ದು ಆ ವಿಡಿಯೋ. “ನಿಮ್ಮಪ್ಪ ಬದುಕಿದ್ದಿದ್ರೆ ಏನಂತಿದ್ರು?” ಅಂದ್ರಂತೆ.

ಬೈದಿದ್ದು ಅದಕ್ಕೇ ರೀ. ಅವತ್ತೂ ಅದಕ್ಕೇ. ತಿದ್ದು ಅಂದ್ರೆ ಯೋಸ್ಟ್ “ಜನಕ್ಕೆ ಹಾಗೇ ಇಷ್ಟ ಕೋರಾ” ಅಂದನಂತೆ.

ಅವಳು ಹೇಳಿದ್ದನ್ನ ಹಾಗೇ ಬರೀತೀನಿ: “ನನ್ನ ಭಾಷೆ, ನನ್ನ ಊಟ, ನಮ್ಮಮ್ಮನ ಶಾಸ್ತ್ರ, ಎಲ್ಲಾ ಅವನ ಹತ್ರ ಜೋಪಾನವಾಗಿದೆ ಲೀಲಾ. ನಾನೊಬ್ಬಳೇ ಅಲ್ಲಿಲ್ಲ. ಅವನು ತಟ್ಟೆ ತಿರುಗಿಸ್ತಿರೋದು ನನಗಲ್ಲ, ಆ ಗದ್ದೆ ಹುಡುಗಿಗೆ. ಅವಳೇ ಬರಲಿ.”

ತಪ್ಪು ತಿದ್ದೋದಕ್ಕೆ ನಲವತ್ತು ವರ್ಷ ಸಂಬಳ ತೊಗೊಂಡಿದ್ದೀರಿ. ರಸ್ತೆ ದಾಟಿ ಹೋಗಿ.

ಇನ್ನೊಂದು. ನನಗೆ ಕನ್ನಡ ಬರೆಯೋಕೆ ಕಲಿಸಿದ್ದು ನೀವು ಅಂತ ಬಂದವರಿಗೆಲ್ಲ ಹೇಳ್ತೀರಲ್ಲ, ನಾನು ಮದುವೆಗೆ ಮುಂಚೆ ಎರಡು ವರ್ಷ ಕನ್ನಡ ಟೀಚರ್ ಆಗಿದ್ದೆ. ಜ್ಞಾಪಕ ಇರಲಿ.

ಲೀಲಾ


ಹೂಫ್‌ಡಾರ್ಪ್
೩೧ ಆಗಸ್ಟ್ ೨೦೨೦

ಸೌಭಾಗ್ಯವತಿ ಲೀಲಾವತಿಗೆ,

ನಿನ್ನ ಪತ್ರದ ಕೊನೆಯ ಪ್ಯಾರಾವನ್ನು ಹಲವು ಸಲ ಓದಿದೆ. ಅದಕ್ಕೆ ಉತ್ತರವನ್ನು ಮುಖತಃ ಕೊಡುತ್ತೇನೆ.

ಪತ್ರ ತಲುಪಿದ ಮರುದಿನ ರಸ್ತೆ ದಾಟಿದೆ. ಯೋಸ್ಟ್ ಹಿತ್ತಲಿನಲ್ಲಿ ಬದನೆ ಗಿಡಗಳಿಗೆ ನೀರು ಹಾಕುತ್ತಿದ್ದ. ಒಂದು ತಿದ್ದುಪಡಿ ಇದೆ ಎಂದೆ. ಅವನ ಮುಖ ಅರಳಿತು.

“ಹೇಳಿ, ಹೇಳಿ. ಯಾವ ಪದ? ಉಚ್ಚಾರಣೆ ತಪ್ಪಿತೇ?”

“ಉಚ್ಚಾರಣೆ ಸರಿಯಾಗಿದೆ. ಹುಡುಗಿ ತಪ್ಪಾಗಿದ್ದಾಳೆ.”

ಕೋರಾ ನಿನಗೆ ಹೇಳಿದ್ದನ್ನು ಒಂದಕ್ಷರ ಸೇರಿಸದೆ, ಬಿಡದೆ ಹೇಳಿದೆ. ಆತ ನೀರಿನ ಕೊಳವೆಯನ್ನು ಕೆಳಗಿಟ್ಟ; ನೀರು ಅವನ ಬೂಟುಗಳ ಸುತ್ತ ನಿಲ್ಲತೊಡಗಿತು.

“ಅದು ನನ್ನ ಕಥೆಯೂ ಹೌದಲ್ಲವೇ?” ಎಂದ. ಅವನ ದನಿಯಲ್ಲಿ ಸಿಟ್ಟಿತ್ತು.

“ಹೌದು. ಬರೆದವರು ಇಬ್ಬರು, ಕರಡು ನೋಡಿದ್ದು ನೀವೊಬ್ಬರೇ.”

ಆತ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಂದಿನಿಂದ ಅಂತರ್ಜಾಲದಲ್ಲಿ ಅವನ ದೃಶ್ಯಗಳು ನಿಂತವು. ಮೇಜಿನ ಮೇಲೆ ತಟ್ಟೆಯೂ ಕಾಣಲಿಲ್ಲ. ನಾನು ಎರಡನೆಯ ಬಾರಿ ಆ ಸಂಸಾರಕ್ಕೆ ಸಾವು ತಂದೆನೇ ಎಂದು ನನಗೆ ಊಟ ಸೇರದಾಯಿತು. ಭಾವನಾ “ಬೇಕಿತ್ತಾ ಅಪ್ಪಾ ನಿಮಗಿದು?” ಎಂದಳು. ನಿನಗೆ ಬರೆಯಲಿಲ್ಲ, ಏನೆಂದು ಬರೆಯಲಿ?

ಶುಕ್ರವಾರ ಬೆಳಗ್ಗೆ ಕರೆಗಂಟೆ ಸದ್ದಾಯಿತು. ಯೋಸ್ಟ್ ನಿಂತಿದ್ದ, ಕೆಂಪು ಕಣ್ಣು, ಕ್ಷೌರ ಮಾಡದ ಮುಖ.

“ಅವಳು ಫೋನ್ ಎತ್ತಿದಳು. ‘ಬರೆದುಕೊ’ ಎಂದಳು, ಬರೆದುಕೊಂಡೆ. ಭಾನುವಾರ ಓದುತ್ತೇನೆ. ನೀವು ಪಕ್ಕದಲ್ಲಿರಿ.”

“ನಾನೇಕೆ?”

“ನಡುವೆ ನಿಲ್ಲಿಸಿಬಿಡುತ್ತೇನೇನೋ ಎಂಬ ಭಯ.”

ನಿನ್ನೆ ಸಂಜೆ ಆರಕ್ಕೆ ಆತ ಓದಿದ. ಟೋಪಿಯಿಲ್ಲ, ಊಟವಿಲ್ಲ, ಬರಿಯ ಮೇಜು. ಎರಡು ಲಕ್ಷ ಜನ ಬಂದಿದ್ದರು. ಕೋರಾ ದೂರವಾಣಿಯಲ್ಲಿದ್ದಳು, ಮುಖ ತೋರಿಸಲಿಲ್ಲ, ದನಿ ಮಾತ್ರ. ಅವಳ ಭಾಷೆಯಲ್ಲಿಯೇ ಓದಿದ. ಎರಡು ಕಡೆ ಅವಳು ತಡೆದು ಉಚ್ಚಾರಣೆ ತಿದ್ದಿದಳು. ಆತ ಧನ್ಯವಾದ ಹೇಳಿ ಮತ್ತೆ ಹೇಳಿದ. ಮೊದಮೊದಲು ಜನ ನಗುವಿನ ಚಿಹ್ನೆಗಳನ್ನು ಕಳುಹಿಸಿದರು. ಆಮೇಲೆ ಸಿಟ್ಟಿನವು ಬಂದವು. ನೋಡುತ್ತಿದ್ದವರ ಸಂಖ್ಯೆ ನನ್ನ ಕಣ್ಣೆದುರಿಗೇ ಕುಸಿಯುತ್ತಾ ಹೋಯಿತು. ಅಕ್ಕಿಯ ಸಂಸ್ಥೆ ಇಂದು ಬೆಳಗ್ಗೆ ಕೈಬಿಟ್ಟಿತು. ಆತ ಒಂದು ಸಲವೂ ಆ ಸಂಖ್ಯೆಯತ್ತ ನೋಡಲಿಲ್ಲ. ನಾಲ್ಕನೆಯ ತಿದ್ದುಪಡಿಗೆ ಬಂದಾಗ ಅವನ ದನಿ ನಿಂತಿತು. ನಾನು ಕೈ ಚಾಚಬೇಕೆನ್ನುವಷ್ಟರಲ್ಲಿ ಅತ್ತಣಿಂದ ಕೋರಾ ಒಂದೇ ಒಂದು ಪದ ಹೇಳಿದಳು. ಅರ್ಥವೇನೆಂದು ಆಮೇಲೆ ಕೇಳಿದೆ: “ಓದು.”

ಆತ ಓದಿದ.

ಜೂನ್ ತಿಂಗಳಲ್ಲಿ ಸಾವಿರ ಕೈಗಳನ್ನು ಕಂಡು, ಇದಕ್ಕಿಂತ ದೊಡ್ಡದನ್ನು ಈ ಜನ್ಮದಲ್ಲಿ ಕಾಣಲಾರೆ ಎಂದುಕೊಂಡಿದ್ದೆ. ಕಂಡೆ. ಲೋಕ ಮೆಚ್ಚಿದ್ದ ತನ್ನ ಅತ್ಯಂತ ಸುಂದರವಾದ ವಾಕ್ಯವನ್ನು ಒಬ್ಬ ಮನುಷ್ಯ, ಆ ಲೋಕವೇ ನೋಡುತ್ತಿರುವಾಗ, ತನ್ನ ಕೈಯಿಂದಲೇ ಹೊಡೆದುಹಾಕಿದ.

ಕೋರಾ ಬರೆಸಿದ್ದನ್ನು ಯೋಸ್ಟ್ ಇಂಗ್ಲಿಷಿನಲ್ಲಿ ಹೇಳಿದಂತೆ ಕನ್ನಡಕ್ಕೆ ತಂದು ಕೆಳಗೆ ಕೊಟ್ಟಿದ್ದೇನೆ. ನನ್ನ ಸಹಿಯನ್ನು ಇಲ್ಲಿಯೇ ಹಾಕುತ್ತೇನೆ. ಅವಳ ಮಾತಿನ ಕೆಳಗೆ ಬೇರೆಯವರ ಹೆಸರು ಇರಬಾರದು.

ನರಹರಿ

ತಿದ್ದಿದ ದಿನಾಂಕಗಳು

ನಾವು ಮೊದಲು ಭೇಟಿಯಾದದ್ದು: “೧೯೯೮, ನಾಟಿಯ ಕಾಲ, ಲಾವಾಗ್‌ನ ಗದ್ದೆ” ಎಂದಿರುವುದು ತಪ್ಪು. ೧೪ ನವೆಂಬರ್ ೧೯೯೬, ಹೂಫ್‌ಡಾರ್ಪ್ ರೈಲು ನಿಲ್ದಾಣದೆದುರಿನ ಬಸ್ ತಂಗುದಾಣ. ಬಸ್ಸು ತಡವಾಗಿತ್ತು. ಚಾಲಕನ ಮೇಲೆ ಲಿಖಿತ ದೂರು ಕೊಟ್ಟೆ. ಚಾಲಕ ಯೋಸ್ಟ್.

ಮದುವೆ: “ತೆಂಗಿನ ತೋಪು” ಎಂದಿರುವುದು ತಪ್ಪು. ೧೨ ಮಾರ್ಚ್ ೧೯೯೯, ಹೂಫ್‌ಡಾರ್ಪ್ ಪುರಸಭೆಯ ಕಚೇರಿ. ಹೊರಗೆ ಆಲಿಕಲ್ಲು ಬೀಳುತ್ತಿತ್ತು.

ಯೋಸ್ಟ್ ನನ್ನ ಭಾಷೆ ಕಲಿಯಲು ತೊಡಗಿದ್ದು: “ಕಂಡ ದಿನವೇ” ಎಂದಿರುವುದು ತಪ್ಪು. ಜನವರಿ ೨೦೦೯, ನನ್ನ ತಂದೆ ತೀರಿಕೊಂಡ ವಾರ. ನನ್ನ ತಾಯಿಗೆ ಎರಡು ಮಾತು ಹೇಳಬೇಕೆಂದು ವಿಮಾನದಲ್ಲಿ ಕುಳಿತು ಕಲಿತ.

ತಟ್ಟೆಯನ್ನು ಮೊದಲು ತಿರುಗಿಸಿದ್ದು: “ಮದುವೆಯ ದಿನದಿಂದ” ಎಂದಿರುವುದು ತಪ್ಪು. ಅಷ್ಟೂ ವರ್ಷ ತಿರುಗಿಸಿದವಳು ನಾನು; ನಕ್ಕವನು ಅವನು. ಅವನು ಮೊದಲು ತಿರುಗಿಸಿದ್ದು ೨೩ ಫೆಬ್ರವರಿ ೨೦೨೦. ಆಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಹೊರಟಾಗಿತ್ತು.

ನಾನು ಹಿಂದಿರುಗುವುದು: “ಅಕ್ಟೋಬರ್ ಒಂದು” ಎಂದು ಕೆಲವರು ಊಹಿಸಿ ಬರೆದಿದ್ದಾರೆ. ತಪ್ಪು. ಸರಿಯಾದ ದಿನ ಯೋಸ್ಟನಿಗೆ ಗೊತ್ತು. ಅವನೊಬ್ಬನಿಗೆ ಗೊತ್ತಿದ್ದರೆ ಸಾಕು.